ಏಳು ನಿಮಿಷ ಮುಂದೆ

ಹನ್ನೊಂದು ಹದಿನೇಳಕ್ಕೆ ಶಟರಿನಡಿ ಬಗ್ಗಿ
ಹೊರಗೆ ಬರುತ್ತಾನೆ ನಿಶ್ಚಿತ್ ಖಾರ್ವಿ.
ಪಾಸ್‌ಪೋರ್ಟಿನಲ್ಲಿ ಇಪ್ಪತ್ತೊಂದು, ಮೀಸೆಯಲ್ಲಿ ಹದಿನೆಂಟು,
ಕೈಯಲ್ಲೊಂದು ನೀಲಿ ಪ್ಲಾಸ್ಟಿಕ್ ಚೀಲ.
ಒಮ್ಮೆ ಬಲಕ್ಕೆ ನೋಡುತ್ತಾನೆ,
ಎಡಕ್ಕೆ ನಡೆಯುತ್ತಾನೆ.
ಅಷ್ಟೇ. ಒಂಬತ್ತು ಸೆಕೆಂಡು.
ಅಜ್ಮಾನಿನ ನುಐಮಿಯಾದಲ್ಲಿ
ಅದನ್ನು ನೋಡದ ಫೋನಿಲ್ಲ ಈಗ.

ಕ್ಯಾಮರಾದ ಗಡಿಯಾರ ಏಳು ನಿಮಿಷ ಮುಂದಿದೆ.
ಪೊಲೀಸರಿಗೆ ಹೇಳಿದೆ, ಸೇಠನಿಗೆ ಹೇಳಿದೆ.
ಅಷ್ಟರಲ್ಲಿ ಹನ್ನೊಂದು ಹದಿನೇಳರ ಮೇಲೆ
ಮೂರು ಮಾಳಿಗೆ ಎದ್ದಾಗಿತ್ತು.

ಹನ್ನೊಂದೂಕಾಲರ ಶಾರ್ಜಾ ಬಸ್ಸು ತಪ್ಪಿತಲ್ಲ,
ಯಾರದೋ ಕಾರು ಹತ್ತಿದ: ಇದು ಕೆಫೆಟೇರಿಯಾದ ಮೊಯ್ದು.
ಬಿಳಿ ನಿಸಾನ್, ಕಣ್ಣಾರೆ ಕಂಡೆ: ಇದು
ಆ ರಾತ್ರಿ ಫುಜೈರಾದಲ್ಲಿದ್ದ ಸಲೂನಿನವ.
ಬಲಕ್ಕೆ ನೋಡಿದ್ದೇಕೆ? ಯಾರೋ ಬೆನ್ನು ಬಿದ್ದಿದ್ದರು.
ಎಡಕ್ಕೆ ಹೋದದ್ದೇಕೆ? ಎಡಕ್ಕೆ ಕಡಲು.
ಗಂಗೊಳ್ಳಿಯ ಹುಡುಗನಿಗೆ ಹಡಗು ಹತ್ತಲು
ಯಾರಾದರೂ ಕಲಿಸಬೇಕೇ?
ಚೀಲದಲ್ಲಿ ನಗದು ಎಂದವನು
ಚಿನ್ನದಂಗಡಿಯ ಕಾವಲುಗಾರ.
ಬದಲಿ ಬಟ್ಟೆ ಎಂದವನು
ಐದು ವರ್ಷದಿಂದ ರಜೆ ಸಿಗದವನು.

ಇಪ್ಪತ್ತಾರು ವರ್ಷದಿಂದ ಇಸ್ತ್ರಿ ನನ್ನ ಕೆಲಸ.
ಒಂದೂ ನೆರಿಗೆಯಿಲ್ಲದ ಬಟ್ಟೆ ಕಂಡರೆ ಗೊತ್ತಾಗುತ್ತದೆ
ಇದನ್ನಿನ್ನೂ ಯಾರೂ ತೊಟ್ಟಿಲ್ಲ ಎಂದು.
ಅವರ ಕತೆಗಳು ಹಾಗಿದ್ದವು.

ನಾನೂ ಒಂದು ಮಾತು ಆಡಿದೆ, ಸುಳ್ಳೇಕೆ ಹೇಳಲಿ.
ಮೊದಲ ದಿನ, ಚಹಾ ಕುಡಿಯುತ್ತ,
ಈಚೆಗೆ ಫೋನು ಹಿಡಿದು ನಗುತ್ತಿದ್ದ ಹುಡುಗ, ಎಂದೆ.
ಇಷ್ಟೇ ಅಂದದ್ದು.
ಮೂರನೆಯ ದಿನ ಅದೇ ಮಾತು ಕೈಕಾಲು ಮೂಡಿಸಿಕೊಂಡು
ಒಂದು ಹೆಣ್ಣಿನ ಹೆಸರಿಟ್ಟುಕೊಂಡು ಬಂದು
ಕೌಂಟರಿನ ಆಚೆಯಿಂದ ನನ್ನನ್ನೇ ಕೇಳಿತು:
ನಿಮಗೆ ಗೊತ್ತಾಯ್ತಾ ಐತಪ್ಪಣ್ಣ?

ನಾಲ್ಕನೆಯ ದಿನ ಸೇಠ 'ಪರಾರಿ' ಎಂದು ಬರೆಸಿ ಬಂದ.
ಕಳೆದುಹೋದವರಿಗೆ ಒಂದು ಕಿಟಕಿ,
ಓಡಿಹೋದವರಿಗೆ ಇನ್ನೊಂದು;
ಎರಡನೆಯದರಲ್ಲಿ ಸಾಲು ಚಿಕ್ಕದಿತ್ತಂತೆ.
ಓಡಿದವನ ಪಾಸ್‌ಪೋರ್ಟು
ಸೇಠನ ಡ್ರಾಯರಿನಲ್ಲೇ ಇದೆ, ರಶೀದಿ ಪುಸ್ತಕಗಳ ಅಡಿಗೆ.

ತಾಯಿ ಫೋನು ಮಾಡಿದರು.
ಬಿಳಿ ಕಾರು ಗಂಗೊಳ್ಳಿಗೂ ಮುಟ್ಟಿತ್ತು.
ಅವರು ಅದನ್ನೆತ್ತಲಿಲ್ಲ. ಕೇಳಿದ್ದು ಎರಡೇ:
ಉಂಡ್ಕಂಡ್ ಹೊರಟಿದ್ನಾ? ಕಾಲಲ್ಲಿ ಚಪ್ಲಿ ಇತ್ತಾ?
ಉಂಡಿದ್ದ ಎಂದೆ. ಚಪ್ಪಲಿ ನೆನಪಾಗಲಿಲ್ಲ,
ಇತ್ತು ಎಂದೆ.
ಆಮೇಲೆ ಆ ನಗುವಿನ ಸುದ್ದಿ, ನಾಚಿಕೆ ಬಿಟ್ಟು, ನಾನೇ ಕೇಳಿದೆ.
ಅದಾ? ಅವನ ಅಜ್ಜಿ ದಿನಾ ರಾತ್ರಿ
ಬಂದರಿನ ಮೀನು ಹರಾಜು ಕೂಗಿ ತೋರ್ಸ್ತಿದ್ರು,
ಬಂಗುಡೆ ನೂರು, ಬಂಗುಡೆ ನೂರ ಹತ್ತು,
ಅವ್ನ ನಗ್ಸುಕೆ.

ಚೀಲದಲ್ಲಿ ಏನಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ.
ಎರಡು ಖುಬ್ಬೂಸು, ಒಂದು ಮೀನಿನ ತಲೆ.
ಟ್ರಾನ್ಸ್‌ಫಾರ್ಮರಿನ ಹಿಂದೆ ಮರಿ ಹಾಕಿದ ಬೆಕ್ಕಿಗೆಂದು
ನಾನೇ ಕಟ್ಟಿಕೊಟ್ಟದ್ದು.
ಎಡಕ್ಕೆ, ಕಡಲಿಗಿಂತ ಮೊದಲು, ಅದು ಸಿಗುತ್ತದೆ.
ಬೆಕ್ಕಿನವರೆಗೆ ಗೊತ್ತು.
ಅಲ್ಲಿಂದಾಚೆ ನನಗೂ ಗೊತ್ತಿಲ್ಲ.

ಕೊನೆಯ ಕಂಬಿಯಲ್ಲಿ ಅವನದೊಂದು ಚೌಕಳಿ ಅಂಗಿ,
ಒಗೆಯಲೆಂದು ಹಾಕಿದ್ದು, ಒಗೆದಿಲ್ಲ;
ಮೊಣಕೈಯ ನೆರಿಗೆ ಹಾಗೇ ಇದೆ.
ರಶೀದಿಯ ಹಿಂದೆ ಅಚ್ಚು ಹಾಕಿಸಿದ್ದಾನೆ ಸೇಠ:
ತೊಂಬತ್ತು ದಿನದೊಳಗೆ ಒಯ್ಯದ ಬಟ್ಟೆಗೆ
ಅಂಗಡಿ ಹೊಣೆಯಲ್ಲ.
ನಿನ್ನೆಗೆ ಎಂಬತ್ತೊಂಬತ್ತು.
ಇವತ್ತು ಬೆಳಿಗ್ಗೆ ಹಳೆಯ ಚೀಟಿ ಕಿತ್ತು
ಇವತ್ತಿನದೇ ತಾರೀಕು ಬರೆದು ಪಿನ್ನು ಚುಚ್ಚಿದೆ.

ರಾತ್ರಿ ಶಟರು ಎಳೆದು, ಚೀಲ ಹಿಡಿದು ಹೊರಡುತ್ತೇನೆ.
ಬಲಕ್ಕೆ ನೋಡುತ್ತೇನೆ,
ಊಟ ತಲುಪಿಸುವ ಬೈಕುಗಳು
ಎದುರು ದಿಕ್ಕಿನಲ್ಲಿ ನುಗ್ಗುವುದು ಆ ಕಡೆಯಿಂದಲೇ.
ಆಮೇಲೆ ಎಡಕ್ಕೆ ನಡೆಯುತ್ತೇನೆ.